ಗಂಟೆಗೊಂದು ಹನಿ

ಕಣ್ಣಿಗೆ ಹಾಕುತ್ತಿದ್ದ ಹನಿಗಳೆಲ್ಲ ನಿನ್ನೆಗೆ ನಿಂತವು. ಎಡಗಣ್ಣು ಉಳಿಯಿತು. ಕರಿಗುಡ್ಡೆಯ ಮೇಲೆ ಬಿಳಿ ಕಲೆಯೊಂದಿದೆ. ಗಟ್ಟಿ ಲೆನ್ಸ್ ಹಾಕಿಕೊಂಡರೆ ಬಸ್ಸಿನ ಬೋರ್ಡು ಓದುತ್ತೇನೆ. ಕನ್ನಡಕ ಬಿಡಿಸಿಕೊಳ್ಳಲು ಲೇಸರ್ ಮಾಡಿಸಿಕೊಂಡವಳ ಎಡಗಣ್ಣಿಗೆ ಫಂಗಸ್ ಸೋಂಕು ತಗುಲಿತು; ಅದರ ವಿವರ ಮತ್ತೆ ಹೇಳುವುದಿಲ್ಲ.

ಲೇಸರ್ ಆದಮೇಲೆ ಹಾಕುತ್ತಿದ್ದ ಸ್ಟೀರಾಯ್ಡ್ ಹನಿಯನ್ನು ಮೊದಲು ನಿಲ್ಲಿಸಿ, ಲೇಸರ್‌ಗಾಗಿ ಎತ್ತಿ ಮುಚ್ಚಿದ್ದ ಕರಿಗುಡ್ಡೆಯ ಪದರವನ್ನು ಮತ್ತೆ ಎತ್ತಿ ಕೆರೆದು ಪರೀಕ್ಷೆಗೆ ಕಳಿಸಿದ ಎರಡನೇ ಆಸ್ಪತ್ರೆಯ ಡಾಕ್ಟರ್, ಫಂಗಸ್ ಬೆಳೆಸಿ ನೋಡುವ ಕಲ್ಚರ್ ವರದಿಗೆ ಕಾಯದೆ ಅದೇ ಸಂಜೆ ಸ್ಲೈಡಿನಲ್ಲಿ ಫಂಗಸ್‌ನ ಎಳೆಗಳನ್ನು ಗುರುತಿಸಿದ ಲ್ಯಾಬಿನವರು, ಕೇಳುವ ಮೊದಲೇ ರಜೆ ಕೊಟ್ಟ ಆಫೀಸಿನವರು, ಊಟ ತಂದ ಪಕ್ಕದ ಮನೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಅತ್ತಿಗೆಯ ವಿಷಯ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ಮಗನನ್ನು ತವರಿನಲ್ಲಿ ಬಿಟ್ಟು ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದವರು ಅವರು. ಫಂಗಸ್ ಕೊಲ್ಲುವ ನಾಟಾಮೈಸಿನ್ ಹನಿ ಹಗಲೂ ರಾತ್ರಿ ಗಂಟೆಗೊಮ್ಮೆ ಬೀಳಬೇಕಿತ್ತು. ಔಷಧ ಸೀಸೆಯ ತಳದಲ್ಲಿ ಕೂತುಬಿಡುತ್ತದೆ, ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಕಣ್ಣು ಬಿಡಲಾಗದೆ ಮಲಗಿದ್ದ ನನಗೆ ಮೊದಲು ಅವರ ಬಳೆ ಸದ್ದು ಕೇಳುತ್ತಿತ್ತು, ಆಮೇಲೆ ರೆಪ್ಪೆಯ ಮೇಲೆ ಬೆರಳು ತಾಗುತ್ತಿತ್ತು. ರೆಪ್ಪೆಗೂದಲಿಗೆ ಅಂಟಿ ಒಣಗಿದ ಬಿಳಿ ಔಷಧವನ್ನು ಕಾಯಿಸಿ ಆರಿಸಿದ ನೀರಿನ ಹತ್ತಿಯಲ್ಲಿ ಎಷ್ಟು ಮೆಲ್ಲಗೆ ಒರೆಸುತ್ತಿದ್ದರೆಂದರೆ, ನನ್ನ ಅಮ್ಮ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು.

ಮೂರನೇ ರಾತ್ರಿ ನೋವು ತಡೆಯಲಾಗದೆ, ಈ ಕಣ್ಣೇ ಬೇಡ, ಕಿತ್ತು ಹಾಕಲಿ ಎಂದು ಕೂಗಿಕೊಂಡೆ. ಸಾಯಬೇಕು ಅಂತಲೂ ಅಂದೆ. ಅತ್ತಿಗೆ ಸಮಾಧಾನ ಹೇಳಲಿಲ್ಲ. ಹನಿ ಹಾಕಿ, ತಲೆ ಹಿಡಿದುಕೊಂಡು, "ಈಗ ಅಳಬ್ಯಾಡ. ಅತ್ರೆ ಔಷಧ ಎಲ್ಲಾ ಹೊರಗೆ ಬಂದುಬಿಡ್ತತಿ. ಐದು ನಿಮಿಷ ತಡಕ, ಆಮೇಲೆ ಇಬ್ರೂ ಅಳಾಣ" ಅಂದರು. ಐದು ನಿಮಿಷ ಕಳೆದ ಮೇಲೆ ಮೊದಲು ಅತ್ತಿದ್ದು ಅವರೇ.

ಲೇಸರ್ ಮಾಡಿಸಬೇಕೆಂದಿದ್ದೇವೆ ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ: ಆಮೇಲೆ ನೋವು, ಕೆಂಪು ಹೆಚ್ಚುತ್ತಾ ಹೋದರೆ, ಬೆಳಕು ಚುಚ್ಚಿದರೆ, ಕಣ್ಣು ಒಣಗಿದೆ ಅಷ್ಟೇ ಎಂದುಕೊಂಡು ಕೂರಬೇಡಿ. ನಾನು ನಾಲ್ಕು ದಿನ ಕೂತೆ. ಫಂಗಸ್ ಇರುವ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕಳೆಗೆ ಗೊಬ್ಬರ ಹಾಕಿದ ಹಾಗೆ.

ಅತ್ತಿಗೆ, ನೀವು ಹನಿಯ ಲೆಕ್ಕ ಬರೆದಿಡುತ್ತಿದ್ದ ಪುಟ್ಟನ ಹಳೇ ನೋಟ್‌ಬುಕ್ಕು ನಿನ್ನೆ ಮಂಚದ ಕೆಳಗೆ ಸಿಕ್ಕಿತು. ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಲ್ಲೇ ಓದಿದೆ. "ರಾತ್ರಿ 2, ಹಾಕಿದೆ. 3, ಹಾಕಿದೆ. 4, ನಿದ್ದೆ ಹತ್ತಿತ್ತು, ಎಬ್ಬಿಸದೆ ಹಾಕಿದೆ. 5, ಹಾಕಿದೆ."