ಆ ಅಂಕಪಟ್ಟಿ ನನ್ನ ತಂಗಿಯದಲ್ಲ, ಸಚಿವರೇ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಮಂಡ್ಯದಿಂದ ಬರೆಯುತ್ತಿದ್ದೇನೆ. ಓದಿದ್ದು ಎಂ.ಎಸ್ಸಿ., ಬಯೋಕೆಮಿಸ್ಟ್ರಿ. ನಾನು ಟ್ರಾನ್ಸ್ ಗಂಡಸು. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು, ಅಷ್ಟೇ.

ಹೋದ ತಿಂಗಳು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಕ್ಕೆ ಸಂದರ್ಶನ ಇತ್ತು. ಬೆಳಗಿನ ರೈಲಿಗೇ ಹೋದೆ. ದಾಖಲೆ ನೋಡುವವರು ಅಂಕಪಟ್ಟಿ ನೋಡಿದರು, ನನ್ನ ಗಡ್ಡ ನೋಡಿದರು, ಮತ್ತೆ ಅಂಕಪಟ್ಟಿ ನೋಡಿದರು. "ತಂಗೀದು ತಂದುಬಿಟ್ಟಿದೀಯ ಕಣಪ್ಪ" ಎಂದರು. ಕೊಂಕೇನಿಲ್ಲ, ನಿಜವಾಗಿ ಹಾಗೇ ಅಂದುಕೊಂಡಿದ್ದರು. ಹಿಂದೆ ಸಾಲಿನಲ್ಲಿ ಹತ್ತು ಹನ್ನೆರಡು ಜನ. ಅಷ್ಟೂ ಜನರ ಮುಂದೆ ನನ್ನ ಕತೆ ಹೇಳಬೇಕಾಯಿತು. ಒಳಗೆ ಪ್ರೋಟೀನ್ ಬಗ್ಗೆ ಎರಡು ಪ್ರಶ್ನೆ ಕೇಳಿದರು, ನನ್ನ ಬಗ್ಗೆ ಐದು.

ಸ್ಟ್ಯಾನ್‌ಫರ್ಡ್‌ನ ನರವಿಜ್ಞಾನಿ ಬೆನ್ ಬ್ಯಾರೆಸ್ ನೆನಪಾದರು. ಅವರು ಗಂಡಾಗಿ ಬದುಕಲು ಶುರು ಮಾಡಿದ್ದು 1997ರಲ್ಲಿ. ಆಮೇಲೆ ಅವರ ಉಪನ್ಯಾಸ ಕೇಳಿದ ಒಬ್ಬರು, ಇವರ ಕೆಲಸ ಇವರ ಸೋದರಿಯದಕ್ಕಿಂತ ಎಷ್ಟೋ ಚೆನ್ನಾಗಿದೆ ಎಂದರಂತೆ. ಆ ಸೋದರಿಯೂ ಅವರೇ! 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಅವರೇ ಬರೆದುಕೊಂಡರು. ಮಿದುಳು ಅದೇ, ಕೆಲಸ ಅದೇ, ಗಂಡಸಿನ ಹೆಸರು ಬಂದ ಕೂಡಲೇ ಬೆಲೆ ಜಾಸ್ತಿ. ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪ್ರಯೋಗ ಬೇಕಾ?

ನನ್ನ ತೊಂದರೆ ಅಷ್ಟು ದೊಡ್ಡದಲ್ಲ, ಒಂದು ಕಾಗದದ್ದು. ಟ್ರಾನ್ಸ್‌ಜೆಂಡರ್ ಜನರ ಹಕ್ಕು ಕಾಯುವ 2019ರ ಕಾಯ್ದೆಗೆ 2020ರಲ್ಲಿ ಮಾಡಿದ ನಿಯಮ ಹೀಗಿದೆ: ಟ್ರಾನ್ಸ್‌ಜೆಂಡರ್ ಅಂತ ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಚೀಟಿ ಇಟ್ಟು ಅರ್ಜಿ ಹಾಕಿದರೆ 15 ದಿನದಲ್ಲಿ ದಾಖಲೆಯ ಹೆಸರು, ಲಿಂಗ ಬದಲಿಸಿಕೊಡಬೇಕು. ಅಂಕಪಟ್ಟಿ ಬದಲಿಸಿಕೊಡಿ ಅಂತ ನಾನು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಒಮ್ಮೆ ಅಫಿಡವಿಟ್ ಕೇಳಿದರು. ಇನ್ನೊಮ್ಮೆ ಆಪರೇಷನ್ ಕಾಗದ. ಕೊನೆಗೆ "ಫೈಲ್ ಮೇಲಕ್ಕೆ ಹೋಗಿದೆ". ಎಷ್ಟು ಮೇಲಕ್ಕೋ! ನನ್ನ ಹೆಸರಿರುವ ಒಂದೇ ಒಂದು ಸಂಶೋಧನಾ ಪ್ರಬಂಧದಲ್ಲಿ ಹೊರದೇಶದ ಪ್ರಕಾಶಕರು ಒಂದು ಇಮೇಲ್‌ಗೆ ಹೆಸರು ತಿದ್ದಿಕೊಟ್ಟರು.

ಸರ್ಕಾರಿ ನೇಮಕಾತಿಯಲ್ಲಿ ನಮಗೆ 1% ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2021ರಲ್ಲಿ. ಹೆಮ್ಮೆ ಇದೆ. ಆದರೆ ಅರ್ಜಿಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಆ ಸೀಟಿನ ಹತ್ತಿರ ಹೋಗುವುದು ಹೇಗೆ?

ಎಲ್ಲ ವಿಶ್ವವಿದ್ಯಾಲಯಗಳಿಗೆ ಒಂದು ಸುತ್ತೋಲೆ ಕಳಿಸಿ ಸಾರ್. ಗುರುತಿನ ಚೀಟಿ ಇದ್ದರೆ ಸಾಕು, ವೈದ್ಯರ ಕಾಗದ ಕೇಳಬೇಡಿ ಅಂತ. ಹೊಸ ಪ್ರತಿಯಲ್ಲಿ ಹಳೆ ಹೆಸರು ಬೇಡ ಅಂತ. ಅರ್ಜಿ ತಗೊಂಡವರು ತಾರೀಖು ಹಾಕಿ ರಸೀದಿ ಕೊಡಲಿ. ನನ್ನ ಮುಂದಿನ ಸಂದರ್ಶನ ಇನ್ನು ಐದು ವಾರಕ್ಕಿದೆ.

ಇಂತಿ,
ಮಂಡ್ಯದ ಒಬ್ಬ ಎಂ.ಎಸ್ಸಿ. ಪದವೀಧರ