ಅಪ್ಪ ಸುತ್ತಿದ ಬಾವುಟ

ಸ್ಟುಟ್‌ಗಾರ್ಟ್
7 ಜುಲೈ 2024, ಭಾನುವಾರ

ಅಪ್ಪನಿಗೆ ನಮಸ್ಕಾರ,

ನಾನು ಆರಾಮಾಗಿದ್ದೇನೆ. ಶುಕ್ರವಾರ ರಾತ್ರಿ ನೀನು ಫೋನ್ ಮಾಡಿದಾಗ ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಆಗ ಸಾವಿರಾರು ಜನರ ಮಧ್ಯೆ ನಿಂತಿದ್ದೆ. ಎತ್ತಿದ್ದರೂ ಬರೀ ಗಲಾಟೆ ಕೇಳಿಸುತ್ತಿತ್ತು. ಆಮೇಲೆ ಫೋನಿನಲ್ಲಿ ಹೇಳೋಣ ಅಂದರೆ ನೀನು ‘ಸರಿ ಸರಿ, ಊಟ ಆಯ್ತಾ’ ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ಯೂರೋಪ್ ದೇಶಗಳ ಫುಟ್‌ಬಾಲ್ ಕಪ್ ಈ ಸಲ ಜರ್ಮನಿಯಲ್ಲೇ ನಡೆಯುತ್ತಿದೆ. ಶುಕ್ರವಾರ ಜರ್ಮನಿಗೂ ಸ್ಪೇನಿಗೂ ಕ್ವಾರ್ಟರ್ ಫೈನಲ್, ಅದೂ ಈ ಊರಿನ ಸ್ಟೇಡಿಯಮ್ಮಿನಲ್ಲೇ. ಟಿಕೆಟ್ ನಮ್ಮಂಥವರಿಗೆ ಎಲ್ಲಿ ಸಿಗಬೇಕು? ಊರ ನಡುವೆ ಅರಮನೆ ಮುಂದೆ ಷ್ಲಾಸ್‌ಪ್ಲಾಟ್ಸ್ ಅಂತ ದೊಡ್ಡ ಬಯಲಿದೆ. ಅಲ್ಲಿ ಭಾರೀ ಪರದೆ ನಿಲ್ಲಿಸಿದ್ದರು. ಬಾಗಿಲಲ್ಲಿ ಬ್ಯಾಗು ತಡವಿ ನೋಡಿ ಒಳಗೆ ಬಿಟ್ಟರು. ಸಂಜೆ ಆರಕ್ಕೆ ಆಟ ಶುರು, ಅಂದರೆ ನಿಮಗೆ ರಾತ್ರಿ ಒಂಬತ್ತೂವರೆ. ಇಲ್ಲಿ ಈಗ ಒಂಬತ್ತೂವರೆ ತನಕ ಬೆಳಕು. ಹಗಲು ಹೊತ್ತಿನಲ್ಲೇ ಪರದೆ ನೋಡುವುದು ವಿಚಿತ್ರ ಅನ್ನಿಸಿತು.

ನನಗೆ ನೆನಪಾದದ್ದು ನಮ್ಮ ಮಾರಮ್ಮನ ಗುಡಿ ಮುಂದಿನ ಕುರುಕ್ಷೇತ್ರ ನಾಟಕ. ಅದೇ ನೂಕುನುಗ್ಗಲು, ಹೆಗಲ ಮೇಲೆ ಅದೇ ಮಕ್ಕಳು. ಚಾಪೆ, ಕಂಬಳಿ, ಕಡ್ಲೆಪುರಿ ಮಾತ್ರ ಇಲ್ಲ. ಕುಡಿಯೋ ಲೋಟಕ್ಕೂ ದುಡ್ಡು ಇಟ್ಟುಕೊಳ್ಳುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್. ಮೊದಲು ಅಂಗಡಿಯಲ್ಲಿ ಸೋಡಾ ಬಾಟಲಿಗೆ ಕೊಡುತ್ತಿದ್ದೆವಲ್ಲ, ಹಾಗೆ.

ಒಂದು ತಮಾಷೆ. ಹಿಂದಿನ ಶನಿವಾರ ನಮ್ಮವರು ಬಾರ್ಬಡೋಸಿನಲ್ಲಿ ಟಿ20 ಕ್ರಿಕೆಟ್ ಕಪ್ ಗೆದ್ದರಲ್ಲ, ಆಗ ನಾವು ನಾಲ್ಕು ಜನ ರೂಮಿನಲ್ಲಿ ಬಾಯಿ ಮುಚ್ಚಿಕೊಂಡು ಕುಣಿದೆವು. ಸೂರ್ಯಕುಮಾರ್ ಬೌಂಡರಿ ಗೆರೆ ಹತ್ತಿರ ಆ ಕ್ಯಾಚ್ ಹಿಡಿದಾಗ ದಿಂಬಿಗೆ ಮುಖ ಒತ್ತಿಕೊಂಡು ಕೂಗಿದೆ. ಸದ್ದು ಮಾಡಿದರೆ ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ಬಡಿಯುತ್ತಾರೆ. ಅದೇ ಅಜ್ಜಿ ಶುಕ್ರವಾರ ಕೆನ್ನೆಗೆ ಕಪ್ಪು, ಕೆಂಪು, ಹಳದಿ ಬಳಿದುಕೊಂಡು ಪೀಪಿ ಊದುತ್ತಾ ನಿಂತಿದ್ದರು!

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಸ್ಪೇನಿನ ಪೆದ್ರಿಗೆ ಪೆಟ್ಟಾಗಿ ಹೊರಗೆ ಹೋದ. ಅವನ ಬದಲು ಬಂದ ಓಲ್ಮೊ 51ನೇ ನಿಮಿಷದಲ್ಲಿ ಗೋಲು ಹೊಡೆದ. ಬಯಲಿಡೀ ಮಂಕಾಯಿತು. ಇನ್ನೇನು ಮುಗಿಯಿತು ಅನ್ನುವಾಗ, 89ನೇ ನಿಮಿಷಕ್ಕೆ, ವಿರ್ಟ್ಸ್ ಅನ್ನೋ ಹುಡುಗ ಸಮ ಮಾಡಿದ. ಯಾರೋ ನನ್ನನ್ನು ತಬ್ಬಿಕೊಂಡರು. ಮೇಲಿಂದ ಬಿಯರ್ ಸುರಿಯಿತು. (ಅಮ್ಮನಿಗೆ ಈ ಸಾಲು ಓದಬೇಡ. ನಾನು ಕುಡಿದಿದ್ದಲ್ಲ, ಮೈ ಮೇಲೆ ಬಿದ್ದಿದ್ದು.)

ಆಮೇಲೆ ಹೆಚ್ಚುವರಿ ಅರ್ಧ ಗಂಟೆ. ಜರ್ಮನಿಯವನು ಒದ್ದ ಚೆಂಡು ಸ್ಪೇನಿನವನ ಕೈಗೆ ತಾಗಿತು. ರೆಫರಿ ಪೆನಾಲ್ಟಿ ಕೊಡಲಿಲ್ಲ. ನಾಟಕದಲ್ಲಿ ನಾವು ‘ಒನ್ಸ್ ಮೋರ್’ ಅಂತ ಕೂಗುತ್ತೇವಲ್ಲ, ಇಲ್ಲಿ ಯಾರೂ ಕೇಳದೆಯೇ ಪರದೆ ಮೇಲೆ ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ಕೈಗೇ ತಾಗುತ್ತಿತ್ತು, ಪ್ರತಿ ಸಲವೂ ಜನ ಬೈಯುತ್ತಿದ್ದರು. 119ನೇ ನಿಮಿಷದಲ್ಲಿ ಅದೇ ಓಲ್ಮೊ ಚೆಂಡು ಎತ್ತಿ ಕೊಟ್ಟ, ಮೆರಿನೊ ಅನ್ನುವವನು ಹಾರಿ ತಲೆಯಿಂದ ಗೋಲಿಗೆ ತಳ್ಳಿದ. ಅಲ್ಲಿಗೆ ಮುಗಿಯಿತು. ಅಷ್ಟು ಜನರಿದ್ದ ಜಾಗ ಅಷ್ಟು ಸುಮ್ಮನಾಗಿದ್ದನ್ನು ನಾನು ಕಂಡಿಲ್ಲ. ಜರ್ಮನಿಯ ಹಿರಿಯ ಆಟಗಾರ ಕ್ರೋಸ್‌ಗೆ ಅದೇ ಕೊನೆಯ ಆಟ. ಅಜ್ಜಿಯ ಕೆನ್ನೆಯ ಬಣ್ಣ ಕಣ್ಣೀರಿಗೆ ಇಳಿದಿತ್ತು. ಆದರೂ ಲೋಟದ ದುಡ್ಡು ಮಾತ್ರ ಯಾರೂ ಬಿಡಲಿಲ್ಲ ನೋಡು, ಅಳುತ್ತಲೇ ಸಾಲಿನಲ್ಲಿ ನಿಂತರು.

ನಿನಗೆ ಹೇಳಬೇಕು ಅಂದುಕೊಂಡಿದ್ದು ಮುಂದಿನದು. ಗೋಲು ಹೊಡೆದ ಮೆರಿನೊ ಓಡಿ ಹೋಗಿ ಮೂಲೆಯಲ್ಲಿರುವ ಬಾವುಟಕ್ಕೆ ಸುತ್ತು ಹಾಕಿದ. ಇದೇನು ಹುಚ್ಚು ಅಂದುಕೊಂಡೆ. ಮನೆಗೆ ಬಂದು ಓದಿದರೆ, ಅವನ ಅಪ್ಪನೂ ಆಟಗಾರ. 1991ರಲ್ಲಿ ಒಸಾಸುನಾ ಕ್ಲಬ್ಬಿಗೆ ಆಡುವಾಗ ಇದೇ ಸ್ಟೇಡಿಯಮ್ಮಿನಲ್ಲಿ ಗೋಲು ಹೊಡೆದು ಹೀಗೇ ಬಾವುಟ ಸುತ್ತಿದ್ದನಂತೆ. ಮಗ ಆಗ ಹುಟ್ಟಿರಲೇ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ ಅಪ್ಪ. ಬೆಳಗಿನ ಜಾವ ನೀನು ಗದೆ ಹೆಗಲಿಗೇರಿಸಿ ಸ್ಟೇಜಿಗೆ ಒಂದು ಸುತ್ತು ಹಾಕುತ್ತಿದ್ದದ್ದೇ ಕಣ್ಣ ಮುಂದೆ. ಹಾರ್ಮೋನಿಯಂ ಮೇಷ್ಟ್ರು ಕೂಡ ಬಾರಿಸುವುದು ಬಿಟ್ಟು ನೋಡುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನನಗೆ ಅಭಿಮನ್ಯು ಪಾತ್ರ ಕೊಡಿಸೋಕೆ ನೀನು ದುಡ್ಡು ಕಟ್ಟಲು ಹೊರಟಿದ್ದೆ. ಪರೀಕ್ಷೆ ಇದೆ ಅಂದುಬಿಟ್ಟೆ. ಪರೀಕ್ಷೆ ಅಲ್ಲ, ನಾಚಿಕೆ. ಬಣ್ಣ ಹಚ್ಚಿಕೊಂಡರೆ ಕ್ಲಾಸಿನವರು ನಗುತ್ತಾರೆ ಅಂತ.

ಮಾರ್ಚಿಗೆ ಬರುತ್ತೇನೆ. ಜಾತ್ರೆಗೆ ನಾಟಕ ಇದ್ದರೆ ಮೇಷ್ಟ್ರನ್ನು ಒಂದು ಮಾತು ಕೇಳು, ಸಣ್ಣ ಪಾತ್ರ ಆದರೂ ಸರಿ. ಅಭಿಮನ್ಯುವಿಗೆ ನನಗೀಗ ಹೊಟ್ಟೆ ಜಾಸ್ತಿ.

ತಿಪಟೂರಿಗೆ ಕೊಬ್ಬರಿ ಹಾಕಿದೆಯಾ? ಅಟ್ಟದ ಮೇಲಿನ ಗದೆಗೆ ಗೆದ್ದಲು ಹಿಡಿದಿದೆಯಾ ನೋಡು. ಅಮ್ಮ ಅದನ್ನು ಒಲೆಗೆ ಹಾಕದಿರಲಿ.

ನಿನ್ನ ಮಗ