ಉಗಾಂಡದಲ್ಲಿ ಮೊಬೈಲ್ ಟ್ಯಾಕ್ಸ್ ಹಾಕಿ ಏನಾಯ್ತು ಅಂತ ನಾವೂ ಸ್ವಲ್ಪ ನೋಡ್ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಯುಪಿಐ ಮೇಲೆ ಚಾರ್ಜ್ ಹಾಕ್ತಾರಂತೆ ಅನ್ನೋ ಸುದ್ದಿ ಆಗಾಗ ಏಳತ್ತೆ, ಸರ್ಕಾರ ಹಾಗೇನಿಲ್ಲ ಅನ್ನತ್ತೆ, ಅಲ್ಲಿಗೆ ತಣ್ಣಗಾಗತ್ತೆ, ಮತ್ತೆ ಸ್ವಲ್ಪ ದಿನಕ್ಕೆ ಇನ್ನೊಂದು ಕಡೆಯಿಂದ ಏಳತ್ತೆ. ಟೀವೀಲಿ ಈ ಚರ್ಚೆ ಬಂದಾಗೆಲ್ಲ ಅಮೆರಿಕದಲ್ಲಿ ಹಿಂಗೆ, ಚೀನಾದಲ್ಲಿ ಹಂಗೆ ಅಂತಾರೆ. ಆದ್ರೆ ನಮ್ಮ ಹಂಗೇ ಸಣ್ಣ ಸಣ್ಣ ವ್ಯಾಪಾರದ ಮೇಲೇ ಬದುಕೋ ಜನ ಇರೋ ದೇಶದಲ್ಲಿ ಇದನ್ನ ಮಾಡಿ ನೋಡಿ ಆಗಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ನಮ್ಮಣ್ಣನ ಮಗ ಕೆಲವು ವರ್ಷ ಉಗಾಂಡದ ಕಂಪಾಲದಲ್ಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ನೋಡ್ಕೊಂಡಿದ್ದ. ಅವನ ಬಾಯಲ್ಲಿ ಕೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಎಲ್ಲ ಸೇರಿಸಿ ಬರೀತಿದೀನಿ. ಉದ್ದ ಆಯ್ತು ಅಂತ ದಯವಿಟ್ಟು ಅರ್ಧಕ್ಕೆ ಕತ್ತರಿಸಬೇಡಿ.

ಉಗಾಂಡ ಅಂದ್ರೆ ಸಮುದ್ರ ಇಲ್ಲದ ದೇಶ, ಜನಸಂಖ್ಯೆ ನಾಲ್ಕೂವರೆ ಕೋಟಿ. ಅಲ್ಲಿ ದುಡ್ಡು ಕಳಿಸೋದು ತರಿಸೋದು ಮೊಬೈಲಲ್ಲೇ, ಅದೂ ನಮಗಿಂತ ಮೊದಲೇ ಶುರುವಾಗಿದ್ದು. ನಮ್ಮಲ್ಲಿ ಯುಪಿಐ ಬಂದಿದ್ದು 2016ರಲ್ಲಿ, ಅಲ್ಲಿ ಎಂಟಿಎನ್ ಕಂಪನಿಯ ಮೊಬೈಲ್ ಮನಿ 2009ಕ್ಕೇ ಬಂದಿತ್ತು. ಅದಕ್ಕೆ ಸ್ಮಾರ್ಟ್‌ಫೋನೂ ಬೇಡ, ಬ್ಯಾಂಕ್ ಖಾತೆಯೂ ಬೇಡ. ರಸ್ತೆ ಬದಿ ಹಳದಿ ಕೊಡೆ ಹಾಕ್ಕೊಂಡು, ಇಲ್ಲಾ ಸಣ್ಣ ಡಬ್ಬಾ ಅಂಗಡಿ ಇಟ್ಕೊಂಡು ಏಜೆಂಟ್ ಕೂತಿರ್ತಾನೆ, ಅವನ ಕೈಗೆ ನೋಟು ಕೊಟ್ರೆ ನಿಮ್ಮ ನಂಬರಿಗೆ ದುಡ್ಡು ಬರತ್ತೆ, ಕೀಪ್ಯಾಡ್ ಫೋನಲ್ಲಿ ಸ್ಟಾರ್ 165 ಹ್ಯಾಶ್ ಒತ್ತಿ ಊರಲ್ಲಿರೋ ಅಮ್ಮನ ನಂಬರಿಗೆ ಕಳಿಸ್ತೀರಿ, ಅಮ್ಮ ಅಲ್ಲಿನ ಏಜೆಂಟ್ ಹತ್ರ ಹೋಗಿ ಪಿನ್ ಹಾಕಿ ನೋಟು ತಗೊಳ್ತಾಳೆ. ಕೆಂಪು ಬಣ್ಣದ ಡಬ್ಬಾ ಅಂಗಡಿಗಳೂ ಅಷ್ಟೇ ಇವೆ, ಅವು ನಮ್ಮ ಏರ್ಟೆಲ್‌ನವ್ರದ್ದು, 2010ರಲ್ಲಿ ಝೈನ್ ಕಂಪನಿಯ ಆಫ್ರಿಕಾ ವ್ಯವಹಾರವನ್ನ ಏರ್ಟೆಲ್ ಕೊಂಡ್ಕೊಂಡಿತ್ತು. ಬಾಳೆಗೊನೆ ಮಾರೋರು, ಬೋಡಾಬೋಡಾ ಅಂತ ಬಾಡಿಗೆ ಬೈಕ್ ಓಡಿಸೋರು, ಹಳೇ ಬಟ್ಟೆ ಮಾರೋರು ಎಲ್ಲರ ವ್ಯವಹಾರ ಇದರಲ್ಲೇ. ಆರ್ಡರ್ ತಗೊಳ್ಳೋದು ವಾಟ್ಸಾಪಲ್ಲಿ, ದುಡ್ಡು ತಗೊಳ್ಳೋದು ಮೊಬೈಲ್ ಮನೀಲಿ.

2018ರ ಜುಲೈ 1ರಿಂದ ಅಲ್ಲಿನ ಸರ್ಕಾರ ಇವೆರಡರ ಮೇಲೂ ಒಟ್ಟಿಗೇ ಟ್ಯಾಕ್ಸ್ ಹಾಕ್ತು. ವಾಟ್ಸಾಪ್, ಫೇಸ್‌ಬುಕ್, ಟ್ವಿಟರ್ ತೆಗೀಬೇಕು ಅಂದ್ರೆ ದಿನಕ್ಕೆ 200 ಶಿಲ್ಲಿಂಗ್ ಮೊದಲೇ ಕಟ್ಬೇಕು, ಕಟ್ಟಿಲ್ಲ ಅಂದ್ರೆ ಆ ಆ್ಯಪ್ ತೆರೆಯೋದೇ ಇಲ್ಲ. ಆಗಿನ ಲೆಕ್ಕದಲ್ಲಿ ನಮ್ಮ ಮೂರೂವರೆ ರೂಪಾಯಿ ಆಸುಪಾಸು. ಮೂರೂವರೆ ರೂಪಾಯಿ ಏನು ಮಹಾ ಅನ್ನಿಸ್ಬಹುದು, ಆದ್ರೆ ತಿಂಗಳಿಗೆ ನೂರು ದಾಟತ್ತೆ, ಡೇಟಾ ಪ್ಯಾಕ್ ದುಡ್ಡು ಬೇರೆ, ಇದನ್ನ ಕಟ್ಟೋದೂ ಮೊಬೈಲ್ ಮನೀಲೇ, ಆ ಮೊಬೈಲ್ ಮನಿ ಮೇಲೂ ಅವತ್ತಿಂದಲೇ 1 ಪರ್ಸೆಂಟ್ ಟ್ಯಾಕ್ಸ್. ಕಳಿಸಿದ್ರೂ ಟ್ಯಾಕ್ಸು, ಬಂದ್ರೂ ಟ್ಯಾಕ್ಸು, ತೆಗೆದ್ರೂ ಟ್ಯಾಕ್ಸು. ಲಾಭದ ಮೇಲಲ್ಲ, ಕೈಯಿಂದ ಕೈಗೆ ಹೋಗೋ ಅಸಲಿನ ಮೇಲೆ. ಸೋಷಿಯಲ್ ಮೀಡಿಯಾದಲ್ಲಿ ಜನ ಬರೀ ಗಾಸಿಪ್ ಮಾಡ್ತಾ ಕೂರ್ತಾರೆ, ಟ್ಯಾಕ್ಸ್ ಕಟ್ಲಿ ಅಂತ ಅಧ್ಯಕ್ಷ ಮುಸೆವೆನಿ ಅದೇ ವರ್ಷ ಮಾರ್ಚಲ್ಲಿ ಹಣಕಾಸು ಮಂತ್ರಿಗೆ ಪತ್ರ ಬರೆದಿದ್ರು. ವಾಟ್ಸಾಪಲ್ಲಿ ಟೊಮೆಟೊ ಆರ್ಡರ್ ತಗೊಳ್ಳೋ ಹೆಂಗಸಿಗೂ ಅದೇ ರೇಟು, ಹರಟೆ ಹೊಡೆಯೋರಿಗೂ ಅದೇ ರೇಟು. ಇದು ನಂಗೆ ಬಾಳ ಬೇಜಾರು ತರೋ ವಿಷಯ.

ಜನ ಏನ್ ಮಾಡಿದ್ರು? ಓದಿದ ಹುಡುಗರು ನಿರ್ಬಂಧ ತಪ್ಪಿಸಿ ಇಂಟರ್ನೆಟ್ ತೆಗೆಯೋ ವಿಪಿಎನ್ ಅನ್ನೋ ಆ್ಯಪ್ ಹಾಕ್ಕೊಂಡ್ರು, ಅದಕ್ಕೆ ಡೇಟಾ ಜಾಸ್ತಿ ಬೇಕು ಆದ್ರೂ ಪರವಾಗಿಲ್ಲ ಅಂದ್ರು. ವಿಪಿಎನ್ ಗೊತ್ತಿಲ್ಲದ ಬಡವರು ಇಂಟರ್ನೆಟ್ ಬಿಟ್ರು. ಅಲ್ಲಿನ ಟೆಲಿಕಾಂ ಆಯೋಗದ್ದೇ ಅಂಕಿ ಅಂಶ, ಟ್ಯಾಕ್ಸ್ ಬಂದ ಮೂರೇ ತಿಂಗಳಲ್ಲಿ ಇಂಟರ್ನೆಟ್ ಚಂದಾದಾರರು ಸುಮಾರು 25 ಲಕ್ಷ ಕಮ್ಮಿಯಾದ್ರು. ಮೊಬೈಲ್ ಮನಿ ವ್ಯವಹಾರ ಬಿದ್ದೋಯ್ತು, ಜನ ಮತ್ತೆ ನೋಟಿಗೆ ಹೋದ್ರು, ಬಸ್ ಡ್ರೈವರ್ ಕೈಲಿ ಲಕೋಟೆ ಕೊಟ್ಟು ಕಳಿಸೋದು ತಿರುಗಿ ಶುರುವಾಯ್ತು ಅಂತ ನಮ್ಮ ಹುಡುಗ ಹೇಳ್ತಿದ್ದ. ಸಂಸದ ಬೋಬಿ ವೈನ್ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ ಮೊಬೈಲ್ ಮನಿ ಟ್ಯಾಕ್ಸನ್ನ ಅರ್ಧ ಪರ್ಸೆಂಟಿಗೆ ಇಳಿಸಿ, ದುಡ್ಡು ತೆಗೆಯೋವಾಗ ಮಾತ್ರ ಅಂತ ಮಾಡಿದ್ರು. ಇನ್ನು ಸೋಷಿಯಲ್ ಮೀಡಿಯಾ ಟ್ಯಾಕ್ಸಲ್ಲಿ ಮೊದಲ ವರ್ಷ 28,400 ಕೋಟಿ ಶಿಲ್ಲಿಂಗ್ ಬರತ್ತೆ ಅಂತ ಲೆಕ್ಕ ಹಾಕಿದ್ರು, ಬಂದಿದ್ದು 4,950 ಕೋಟಿ. ಐದರಲ್ಲಿ ಒಂದು ಪಾಲೂ ಪೂರ್ತಿ ಆಗ್ಲಿಲ್ಲ ಅಂದ್ಹಾಗೆ. ಸಂತೆ ಬಾಗಿಲಲ್ಲೇ ನಿಂತು ಒಳಗೆ ಬರೋರ ಹತ್ರೆಲ್ಲ ದುಡ್ಡು ಕೇಳಿದ್ರೆ ಜನ ಬೇಲಿ ಹಾರ್ತಾರೆ, ಇಲ್ಲಾ ಸಂತೇಗೇ ಬರಲ್ಲ. ಕೊನೆಗೆ 2021ರ ಜುಲೈಲಿ ಅದನ್ನ ತೆಗೆದ್ರು. ತೆಗೆದು ಸುಮ್ನಾದ್ರಾ ಅಂದ್ರೆ ಅದೂ ಇಲ್ಲ, ಇಂಟರ್ನೆಟ್ ಡೇಟಾ ಮೇಲೇ 12 ಪರ್ಸೆಂಟ್ ಹಾಕಿದ್ರು, 18 ಪರ್ಸೆಂಟ್ ವ್ಯಾಟ್ ಮೊದಲಿಂದನೇ ಇತ್ತು.

ಟ್ಯಾಕ್ಸ್ ಕಥೆ ಹಿಂಗಾದ್ರೆ ಬಂದ್ ಮಾಡೋ ಕಥೆ ಇನ್ನೊಂದು. 2016ರ ಚುನಾವಣೆ ಹೊತ್ತಲ್ಲಿ ಸೋಷಿಯಲ್ ಮೀಡಿಯಾ ಜೊತೆ ಮೊಬೈಲ್ ಮನಿಯನ್ನೂ ನಿಲ್ಲಿಸಿದ್ರು. ಕೈಲಿರೋ ದುಡ್ಡೆಲ್ಲ ಮೊಬೈಲಲ್ಲಿ ಇಟ್ಕೊಂಡೋರು ಆ ದಿನಗಳಲ್ಲಿ ಏನ್ ತಿಂದಿರ್ಬೇಕು ಯೋಚ್ನೆ ಮಾಡಿ. 2021ರ ಜನವರಿ 14ರ ಚುನಾವಣೆಗೆ ಮುಂಚೆ, ಸರ್ಕಾರಕ್ಕೆ ಸಂಬಂಧಪಟ್ಟ ನಕಲಿ ಖಾತೆಗಳನ್ನ ಫೇಸ್‌ಬುಕ್ ತೆಗೆದುಹಾಕ್ತು, ಅದಕ್ಕೆ ಸರ್ಕಾರ ಫೇಸ್‌ಬುಕ್ಕನ್ನೇ ಬ್ಲಾಕ್ ಮಾಡ್ತು, 13ರ ಸಂಜೆಯಿಂದ 18ರವರೆಗೆ ಇಡೀ ದೇಶದ ಇಂಟರ್ನೆಟ್ಟೇ ಇಲ್ಲ. ಆಮೇಲೆ ಇಂಟರ್ನೆಟ್ ಬಂತು, ಫೇಸ್‌ಬುಕ್ ಮೇಲಿನ ನಿರ್ಬಂಧ ಮಾತ್ರ ವರ್ಷಗಟ್ಟಲೆ ಹಾಗೇ ಉಳೀತು. ಫೇಸ್‌ಬುಕ್ ಪೇಜಲ್ಲಿ ಬಟ್ಟೆ, ಕೇಕು, ಚಪ್ಪಲಿ ಮಾರ್ಕೊಂಡಿದ್ದೋರ ಗಿರಾಕಿಗಳೆಲ್ಲ ಒಂದೇ ರಾತ್ರೀಲಿ ಹೋದ್ರು. ಜಗಳ ಸರ್ಕಾರಕ್ಕೂ ಅಮೆರಿಕದ ಕಂಪನಿಗೂ, ಅಂಗಡಿ ಮುಚ್ಚಿದ್ದು ಇವರದ್ದು. ಅದಾದ್ಮೇಲೆ ಪ್ರತಿ ಬಿಲ್ಲೂ ಆನ್‌ಲೈನಲ್ಲೇ ಆಗ್ಬೇಕು ಅನ್ನೋ ಎಫ್ರಿಸ್ ಅನ್ನೋ ವ್ಯವಸ್ಥೆ ವಿರುದ್ಧ 2024ರ ಏಪ್ರಿಲಲ್ಲಿ ಕಂಪಾಲದ ವ್ಯಾಪಾರಸ್ಥರು ಅಂಗಡಿ ಬಾಗಿಲು ಹಾಕಿ ಕೂತ್ರು.

ಉಗಾಂಡ ಒಂದೇ ಅಲ್ಲ. ಬೆನಿನ್ ದೇಶ 2018ರಲ್ಲಿ ಇಂಥದ್ದೇ ಟ್ಯಾಕ್ಸ್ ತಂದು ಜನ ಗಲಾಟೆ ಮಾಡಿದ್ದಕ್ಕೆ ಕೆಲವೇ ದಿನದಲ್ಲಿ ವಾಪಸ್ ತಗೊಳ್ತು, ಘಾನಾ 2022ರಲ್ಲಿ ಮೊಬೈಲಲ್ಲಿ ದುಡ್ಡು ಕಳಿಸೋಕೆ ಒಂದೂವರೆ ಪರ್ಸೆಂಟ್ ಹಾಕಿ ಆಮೇಲೆ ಒಂದಕ್ಕೆ ಇಳಿಸಿ 2025ರಲ್ಲಿ ಪೂರ್ತಿ ಕೈಬಿಡ್ತು.

ಹಂಗಂತ ಆ ಸರ್ಕಾರಗಳಿಗೆ ದುಡ್ಡೇ ಬೇಡ ಅಂತ ನಾನು ಹೇಳ್ತಿಲ್ಲ. ಅವರದ್ದೂ ಕಷ್ಟ ಇದೆ. ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗಳು ಅಲ್ಲಿ ದುಡ್ಡು ಮಾಡ್ತವೆ, ಅಲ್ಲಿ ಆಫೀಸೇ ಇಲ್ಲದಿದ್ರೆ ಹಳೇ ಕಾನೂನಲ್ಲಿ ಟ್ಯಾಕ್ಸ್ ಹಿಡಿಯೋಕಾಗಲ್ಲ. ಡಿಜಿಟಲ್ ಮಾಲಿನ ಮೇಲೆ ಕಸ್ಟಮ್ಸ್ ಸುಂಕ ಹಾಕ್ಬಾರ್ದು ಅಂತ 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಒಪ್ಪಂದ ಆಗಿದ್ದನ್ನ ಮತ್ತೆ ಮತ್ತೆ ಮುಂದುವರಿಸ್ತಾ ಬಂದ್ರು, 2024ರಲ್ಲಿ ಅಬುಧಾಬಿ ಸಭೇಲೂ ಮುಂದುವರಿಸಿದ್ರು. ಇದರಿಂದ ಬಡ ದೇಶಗಳಿಗೆ ಆದಾಯ ಹೋಗತ್ತೆ ಅಂತ ತಕರಾರು ಎತ್ತಿದ್ದೋರಲ್ಲಿ ಭಾರತ, ದಕ್ಷಿಣ ಆಫ್ರಿಕಾ ಮುಂದೆ ಇದ್ವು, ಅದು ಸರಿಯಾದ ತಕರಾರೇ. ಉಗಾಂಡ 2023ರಲ್ಲಿ ಹೊರದೇಶದ ಡಿಜಿಟಲ್ ಕಂಪನಿಗಳ ಆದಾಯದ ಮೇಲೆ 5 ಪರ್ಸೆಂಟ್ ಹಾಕಿದ್ದನ್ನ ನಾನು ಒಪ್ತೀನಿ, ಇದನ್ನೇ 2018ರಲ್ಲಿ ಮೊದಲು ಮಾಡಿದ್ರೆ ಆ ಮೂರು ವರ್ಷದ ಒದ್ದಾಟ ತಪ್ತಿತ್ತು. ನಾವೇನ್ ಮಾಡಿದ್ವಿ ನೋಡಿ, ಹೊರದೇಶದ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಆದಾಯದ ಮೇಲೆ 2016ರಲ್ಲಿ 6 ಪರ್ಸೆಂಟ್ ಲೆವಿ (ಒಂದು ಥರದ ತೆರಿಗೆ) ಹಾಕಿದ್ವಿ, ಅಮೆರಿಕದ ಜೊತೆ ಸುಂಕದ ಜಗ್ಗಾಟ ನಡೀತಿದ್ದ ಹೊತ್ತಲ್ಲೇ 2025ರ ಏಪ್ರಿಲ್ 1ರಿಂದ ಅದನ್ನ ತೆಗೆದ್ವಿ.

ದೊಡ್ಡೋರಿಗೆ ಲೆವಿ ತೆಗೆದ ಅದೇ ವರ್ಷ ಜುಲೈಲಿ ನಮ್ಮ ರಾಜ್ಯದಲ್ಲಿ ಏನಾಯ್ತು ಎಲ್ರಿಗೂ ಗೊತ್ತು. ಯುಪಿಐ ಲೆಕ್ಕ ಹಿಡ್ಕೊಂಡು ಬೇಕರಿ, ಕಾಂಡಿಮೆಂಟ್ಸ್, ಹಾಲು ತರಕಾರಿ ಮಾರೋ ಸಣ್ಣೋರಿಗೆಲ್ಲ ಹಿಂದಿನ ವರ್ಷಗಳದ್ದೂ ಸೇರಿಸಿ ಜಿಎಸ್‌ಟಿ ನೋಟಿಸ್ ಹೋಯ್ತು, ಬೆಂಗಳೂರಲ್ಲಿ ಅಂಗಡಿಯೋರು ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ಆಮೇಲೆ ಮುಖ್ಯಮಂತ್ರಿಗಳು ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ರಿಜಿಸ್ಟರ್ ಮಾಡ್ಕೊಳ್ಳಿ ಅಂದ್ರು, ಒಳ್ಳೇದೇ ಆಯ್ತು. ಆದ್ರೆ ಉಗಾಂಡದಲ್ಲಿ ಆಗಿದ್ದೂ ಇದೇ ಅಲ್ವಾ, ಹೆದರಿಕೆ ಆದ ತಕ್ಷಣ ಜನ ಮೊಬೈಲ್ ಬಿಟ್ಟು ನೋಟಿಗೆ ಓಡಿದ್ದು.

ಬೆಂಗಳೂರಿನ ಬೇಕರಿಯೋರಿಗೆ ಆಡಿಟರ್ ಇರ್ತಾರೆ, ಸಂಘ ಇರತ್ತೆ. ಇಲ್ಲಿ ಕುಮಟಾ ಮೀನು ಮಾರ್ಕೆಟ್ಟಿಗೆ ಬೆಳಿಗ್ಗೆ ಬಂದು ನೋಡಿ. ಕ್ಯೂಆರ್ ಕೋಡಿಗೆ ಲ್ಯಾಮಿನೇಷನ್ ಮಾಡಿ ಕೊಡೆ ಕಡ್ಡಿಗೆ ದಾರದಲ್ಲಿ ಕಟ್ಟಿರ್ತಾರೆ, ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿ ಸೊಂಟದ ಚೀಲದಲ್ಲಿರತ್ತೆ, ಕೈಯೆಲ್ಲ ಮೀನಿನ ನೀರು. ನಾವು ಸ್ಕ್ಯಾನ್ ಮಾಡಿ ಹಾಕಿದ ಮೇಲೆ "ತೋರ್ಸ್ರಾ ತಂಗಿ" ಅಂತಾರೆ, ಓದೋಕೆ ಬರದಿದ್ರೂ ಹಸಿರು ಟಿಕ್ ಬಂತಾ ನೋಡ್ತಾರೆ. ಎಷ್ಟೋ ಜನರದ್ದು ಮಗನ ಖಾತೆ, ಅಳಿಯನ ಖಾತೆ. ಆ ಖಾತೇಗೇ ಮಗನ ಬೋಟಿನ ಪಾಲೂ ಬರತ್ತೆ, ಸಂಘದ ಸಾಲವೂ ಬರತ್ತೆ, ಪಕ್ಕದ ಬುಟ್ಟಿಯೋರ ದುಡ್ಡೂ ಅವಸರಕ್ಕೆ ಅದಕ್ಕೇ ಬೀಳತ್ತೆ. ಬಂದಿದ್ದೆಲ್ಲ ವ್ಯಾಪಾರ ಅಂತ ಕಂಪ್ಯೂಟರ್ ಲೆಕ್ಕ ಹಾಕಿದ್ರೆ ಅವರು ಏನಂತ ಉತ್ತರ ಕೊಡ್ಬೇಕು? ಹಸಿ ಮೀನಿಗೆ ಜಿಎಸ್‌ಟಿನೇ ಇಲ್ಲ, ಆ ಮಾತು ಅವರಿಗೆ ಯಾರೂ ಹೇಳಿಲ್ಲ. ನಮ್ಮ ಸ್ವಸಹಾಯ ಸಂಘದಲ್ಲೂ ಇದೇ ಗೊಂದಲ, ಹಲಸಿನ ಹಪ್ಪಳಕ್ಕೆ ಟ್ಯಾಕ್ಸ್ ಇಲ್ಲ, ಅಪ್ಪೆಮಿಡಿ ಉಪ್ಪಿನಕಾಯಿಗೆ ಇದೆ, ಎರಡನ್ನೂ ಮಾಡೋದು ಅದೇ ಹೆಂಗಸರು, ದುಡ್ಡು ಬರೋದು ಅದೇ ಕ್ಯೂಆರಿಗೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ರೆ ಅದೂ ಇಲ್ಲ, ಆದ್ರೂ ಕಷ್ಟಪಟ್ಟು ಕಲ್ತು ಇಷ್ಟು ದೂರ ಬಂದಿದಾರೆ. ಇವರನ್ನ ಹೆದರಿಸಿ ಓಡಿಸೋದು ಸುಲಭ, ತಿರುಗಿ ಕರ್ಕೊಂಡು ಬರೋದು ಬಾಳ ಕಷ್ಟ.

ಇನ್ನೊಂದು ನಮ್ಮ ಉತ್ತರ ಕನ್ನಡ ಜಿಲ್ಲೇದೇ ವಿಶೇಷ ತೊಂದರೆ ಇದೆ, ಇದನ್ನ ಯಾರೂ ಬರೆದಿದ್ದು ನಾನು ನೋಡಿಲ್ಲ. ವರ್ಷಕ್ಕೆ 40 ಲಕ್ಷದ ಒಳಗೆ ವ್ಯಾಪಾರ ಮಾಡೋ ಸಣ್ಣ ವ್ಯಾಪಾರಸ್ಥರು ಜಿಎಸ್‌ಟಿ ನಂಬರ್ ಇಲ್ಲದೇನೇ ಆನ್‌ಲೈನ್ ಆ್ಯಪ್‌ಗಳಲ್ಲಿ ಮಾರಬಹುದು ಅಂತ 2023ರ ಅಕ್ಟೋಬರ್ 1ರಿಂದ ನಿಯಮ ಸಡಿಲ ಮಾಡಿದ್ರು, ಆದ್ರೆ ರಾಜ್ಯದ ಒಳಗೆ ಮಾತ್ರ. ರಾಜ್ಯದ ಗಡಿ ದಾಟಿ ಟ್ಯಾಕ್ಸ್ ಇರೋ ಸಾಮಾನು ಮಾರ್ಬೇಕು ಅಂದ್ರೆ ಸಾಮಾನ್ಯವಾಗಿ ಎಷ್ಟೇ ಸಣ್ಣೋರಾದ್ರೂ ರಿಜಿಸ್ಟ್ರೇಷನ್ ಬೇಕು, ತಿಂಗಳು ತಿಂಗಳು ಇಲ್ಲಾ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕ್ಬೇಕು, ಅದಕ್ಕೆ ಆಡಿಟರ್ ಫೀಸು. ಅಂದ್ರೆ ಕಾರವಾರದ ಹೆಂಗಸು ಮುರುಗಲು (ಕೋಕಂ) ಶರಬತ್ತಿನ ಬಾಟ್ಲಿಯನ್ನ ಬೀದರ್‌ಗೆ ಕಳಿಸ್ಬಹುದು, ಮಾಜಾಳಿ ಚೆಕ್‌ಪೋಸ್ಟ್ ದಾಟಿದ್ರೆ ಸಿಗೋ ಗೋವಾದ ಕಾಣಕೋಣಕ್ಕೆ ಆಗಲ್ಲ. ಕಾರವಾರದ ನೆಂಟಸ್ತಿಕೆ, ಆಸ್ಪತ್ರೆ, ಕೂಲಿ ಕೆಲಸ ಎಲ್ಲ ಗೋವಾದ ಜೊತೆ, ಅಲ್ಲಿ ಮುರುಗಲಿಗೆ ಗಿರಾಕಿಯೂ ಇದಾರೆ. ದೇಶ ದೇಶದ ಮಧ್ಯೆ ಡಿಜಿಟಲ್ ವ್ಯಾಪಾರಕ್ಕೆ ಅಡ್ಡಿ ಇರ್ಬಾರ್ದು ಅಂತ 2024ರಲ್ಲಿ ಆಫ್ರಿಕಾ ಒಕ್ಕೂಟದೋರು ಡಿಜಿಟಲ್ ವ್ಯಾಪಾರದ ಪ್ರೋಟೋಕಾಲೇ ಒಪ್ಕೊಂಡಿದಾರೆ, ನಾವು ಒಂದೇ ದೇಶದೊಳಗೆ ಮಾಜಾಳಿ ಗಡಿ ಆಚೆಗೂ ಈಚೆಗೂ ಇಷ್ಟು ಕಷ್ಟ ಪಡ್ತಿದೀವಿ.

ಅದಕ್ಕೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ಳೋದು, ಯುಪಿಐಗೆ ಚಾರ್ಜ್ ಹಾಕೋ ಮಾತು ಮುಂದೆ ಯಾವತ್ತಾದ್ರೂ ಬಂದ್ರೂ ಸಣ್ಣ ಮೊತ್ತಕ್ಕೆ, ಸಣ್ಣ ವ್ಯಾಪಾರಿಗಳಿಗೆ ಅದು ತಾಗಬಾರ್ದು. ಖರ್ಚಿದ್ರೆ ದೊಡ್ಡ ಕಂಪನಿಗಳು ಹೊರಲಿ. ನೋಟಿಸ್ ಕೊಡೋಕೆ ಮುಂಚೆ ತೆರಿಗೆ ಇಲಾಖೆಯೋರು ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಮಾರ್ಕೆಟ್ಟಿಗೆ, ತದಡಿ ಬಂದರಿಗೆ, ಮೇಲೆ ಶಿರಸಿ ಸಂತೆಗೆ ಅವರೇ ಬಂದು ಯಾವುದಕ್ಕೆ ಟ್ಯಾಕ್ಸ್ ಇದೆ ಯಾವುದಕ್ಕೆ ಇಲ್ಲ ಅಂತ ಕನ್ನಡದಲ್ಲಿ, ಕೊಂಕಣಿಯಲ್ಲಿ ಹೇಳ್ಲಿ, ಒಂದು ಪುಟದ ಚೀಟಿ ಪ್ರಿಂಟ್ ಮಾಡಿ ಹಂಚಲಿ. ಖಾತೆಗೆ ಬಂದ ದುಡ್ಡಲ್ಲಿ ವ್ಯಾಪಾರದ್ದು ಯಾವುದು ಅಂತ ಬಾಯಿಮಾತಲ್ಲಿ ವಿವರಿಸೋಕೂ ಅವಕಾಶ ಇರ್ಲಿ, ಎಲ್ಲದಕ್ಕೂ ಆನ್‌ಲೈನ್ ಫಾರ್ಮ್ ಅಂದ್ರೆ ಮೀನು ಮಾರೋ ಅಕ್ಕಂದಿರಿಗೆ ಆಗೋದಲ್ಲ. ಗಡಿ ವಿಷಯ ತೀರ್ಮಾನ ಆಗೋದು ಜಿಎಸ್‌ಟಿ ಕೌನ್ಸಿಲ್‌ನಲ್ಲಿ, ಅಲ್ಲಿ ಕರ್ನಾಟಕಕ್ಕೂ ಸೀಟಿದೆ, ಗೋವಾಕ್ಕೂ ಸೀಟಿದೆ. ನಮ್ಮ ಶಾಸಕರು, ಸಂಸದರು, ಉಸ್ತುವಾರಿ ಸಚಿವರು ಇದನ್ನ ಬರೆದು ಕೊಟ್ಟು ಮುಂದಿನ ಸಭೆಯ ವಿಷಯಪಟ್ಟೀಲಿ ಸೇರಿಸ್ಲಿ. ಸಂಘಗಳ ಸಹಿ ಬೇಕು ಅಂದ್ರೆ ಕರಾವಳಿ ಉದ್ದಕ್ಕೂ ಸಂಗ್ರಹ ಮಾಡಿ ಕೊಡೋಕೆ ನಾವು ತಯಾರಿದೀವಿ.

ಇಂತಿ,
ಸ್ವಸಹಾಯ ಸಂಘದ ಸದಸ್ಯೆ, ಕುಮಟಾ